ಒಂದೂವರೆ ಲೋಟದ ಅರ್ಧ ಎಷ್ಟು?



ಸಕಲೇಶಪುರ, ಆಲೂರು ಕಡೆಯ ಸಂಘಗಳ ಸಭೆಗೆ ಹೋದಾಗಲೆಲ್ಲ ಒಂದು ದೂರು ನಮ್ಮ ಕಿವಿಗೆ ಬೀಳುತ್ತದೆ. ಮಗ ಏಳನೇ ಕ್ಲಾಸಿಗೆ ಬಂದಿದ್ದಾನೆ, ಭಿನ್ನರಾಶಿ ಲೆಕ್ಕ ಅಂದರೆ ಪುಸ್ತಕ ಮುಚ್ಚಿ ಎದ್ದು ಹೋಗ್ತಾನೆ ಎಂದು. ತೋಟದ ಕೂಲಿಯಲ್ಲಿ ಟ್ಯೂಷನ್‌ಗೆ ದುಡ್ಡು ಎಲ್ಲಿಂದ ತರೋಣ? ಅದೇ ಹುಡುಗನ ಮುಂದೆ ಒಂದು ಲೋಟ, ಒಂದಿಷ್ಟು ಹಿಟ್ಟು ಇಟ್ಟು, ಕೇಕು ಮಾಡೋಣ ಬಾ ಅಂತ ಕರೆದು ನೋಡಿ.

ಕೇಕು ಪೇಟೆಯವರ ವಿದ್ಯೆ ಎಂದು ಹೆದರಬೇಡಿ. ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳನ್ನು ಕಟ್ಟಿದವರಲ್ಲಿ ಬಹಳ ಮಂದಿ ನಮ್ಮ ಹಾಸನ ಜಿಲ್ಲೆಯಿಂದಲೇ ಹೋದವರು. ಅವುಗಳಲ್ಲಿ ಮೊದಲನೆಯದು 1898ರಲ್ಲಿ ತಿರುಮಲಾಚಾರ್ ಅವರು ಶುರುಮಾಡಿದ ಬಿ.ಬಿ. ಬೇಕರಿ ಎನ್ನುತ್ತಾರೆ. ಕಡುಬು ಹಬೆಯಲ್ಲಿ ಬೇಯುತ್ತದೆ, ಕೇಕು ಒಣ ಶಾಖದಲ್ಲಿ ಬೇಯುತ್ತದೆ. ಒಲೆಯ ಕೆಂಡದಲ್ಲಿ ಗೆಣಸು ಸುಡುವವರಿಗೆ ಒಣ ಶಾಖ ಹೊಸದೇನಲ್ಲ.

ಓವನ್ ಬೇಕಿಲ್ಲ. ದಪ್ಪ ತಳದ ಹಳೇ ಪಾತ್ರೆಗೆ ಚೆನ್ನಾಗಿ ಒಣಗಿದ ಮರಳು ಹರಡಿ, ಮೇಲೊಂದು ಸ್ಟ್ಯಾಂಡ್ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ. (ಕೆಲವರು ಕುಕ್ಕರಿನಲ್ಲೇ ಮಾಡುತ್ತಾರೆ. ನೀರಿಲ್ಲದೆ ಕಾಯಿಸಿದರೆ ಕುಕ್ಕರ್ ಹಾಳಾಗುತ್ತದೆ, ನಾವು ಬೇಡ ಎನ್ನುತ್ತೇವೆ.) ಒಂದು ಲೋಟ ಮೊಸರಿಗೆ ಮುಕ್ಕಾಲು ಲೋಟ ಸಕ್ಕರೆ ಕರಗಿಸಿ, ಅರ್ಧ ಟೀ ಚಮಚ ಅಡುಗೆ ಸೋಡಾ, ಒಂದೂಕಾಲು ಚಮಚ ಬೇಕಿಂಗ್ ಪೌಡರ್ ಹಾಕಿ. ನೊರೆ ಎದ್ದ ಮೇಲೆ ಅರ್ಧ ಲೋಟ ಎಣ್ಣೆ, ಒಂದೂವರೆ ಲೋಟ ಮೈದಾ ಸೇರಿಸಿ, ಗಂಟಿಲ್ಲದಂತೆ ಕಲಸಿ. ಎಣ್ಣೆ ಸವರಿದ ಡಬ್ಬಿಗೆ ಸುರಿದು ಸ್ಟ್ಯಾಂಡ್ ಮೇಲಿಟ್ಟು, ಮುಚ್ಚಿ, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬೇಯಿಸಿ. ಆಮೇಲೆ ಕಡ್ಡಿ ಚುಚ್ಚಿ ನೋಡಿ. ಹಿಟ್ಟು ಅಂಟದೆ ಬಂದರೆ ಬೆಂದಿದೆ, ಅಂಟಿದರೆ ಇನ್ನೂ ಸ್ವಲ್ಪ ಹೊತ್ತು ಬಿಡಿ.

ಮುಂದಿನ ಸಲ "ಅರ್ಧ ಅಳತೆ ಸಾಕು, ನೀನೇ ಹೇಳು" ಅನ್ನಿ. ಒಂದೂವರೆಯ ಅರ್ಧ ಮುಕ್ಕಾಲು, ಅದನ್ನು ಹೇಳಿಬಿಡಬಹುದು. ಮುಕ್ಕಾಲು ಲೋಟ ಸಕ್ಕರೆಯ ಅರ್ಧ? ಇಲ್ಲಿ ದೊಡ್ಡವರೂ ತಡವರಿಸುತ್ತಾರೆ. ನೀವು ಉತ್ತರ ಹೇಳಬೇಡಿ. ಮಗು ಸಕ್ಕರೆಯನ್ನು ಎರಡು ಲೋಟಕ್ಕೆ ಸಮನಾಗಿ ಹಂಚಲಿ. ಲೋಟಕ್ಕೆ ಎಂಟು ಗೆರೆ ಎಳೆದರೆ ಸಕ್ಕರೆ ಮೂರನೇ ಗೆರೆಗೆ ಬಂದು ನಿಲ್ಲುತ್ತದೆ. ಎಂಟರಲ್ಲಿ ಮೂರು ಭಾಗ! ಪುಸ್ತಕದಲ್ಲಿ ಒಂದರ ಮೇಲೊಂದು ಬರೆದ ಅಂಕಿಗಳಿಗೆ ಆಗ ಅರ್ಥ ಬರುತ್ತದೆ. ಅಂಗಡಿಯ ತಕ್ಕಡಿಯಲ್ಲಿ ಒಂದು ಲೋಟ ಸಕ್ಕರೆ, ಅದೇ ಲೋಟದ ಮೈದಾ ಎರಡನ್ನೂ ತೂಗಿಸಿ ತೋರಿಸಿ. ಸಕ್ಕರೆಯೇ ಭಾರ. ಪಾವು, ಸೇರಿನ ಅಳತೆ ಬೇರೆ, ಕೆ.ಜಿ. ತೂಕ ಬೇರೆ ಅಂತ ತಿಳಿದ ಮಗುವಿಗೆ ಅಂಗಡಿಯಲ್ಲಿ ಮೋಸ ಮಾಡುವುದು ಕಷ್ಟ.

ನೊರೆ ಯಾಕೆ ಬಂತು ಅಂತ ಕೇಳೇ ಕೇಳುತ್ತವೆ. ಮೊಸರಿನ ಹುಳಿ ಸೋಡಾದ ಜೊತೆ ಸೇರಿ ಗಾಳಿಗುಳ್ಳೆ ಏಳುತ್ತದೆ, ಕೇಕು ಉಬ್ಬುವುದು ಅದರಿಂದಲೇ. ದೋಸೆ ಹಿಟ್ಟಿನಲ್ಲಿ ಅದೇ ಕೆಲಸವನ್ನು ಕಣ್ಣಿಗೆ ಕಾಣದ ಜೀವಿಗಳು ಮಾಡುತ್ತವೆ. ಅವಕ್ಕೆ ಬೆಚ್ಚಗಿರಬೇಕು, ಅದಕ್ಕೇ ನಮ್ಮ ಮಳೆಗಾಲದ ಥಂಡಿಯಲ್ಲಿ ಹಿಟ್ಟು ಹುದುಗಲು ಅಷ್ಟು ಹೊತ್ತು ಬೇಕು.

ಇದು ಹೆಣ್ಣುಮಕ್ಕಳಿಗೆ ಮಾತ್ರ ಅಂತ ತಿಳಿಯಬೇಡಿ. ಹುಡುಗ ಕಲಸಲಿ, ಪಾತ್ರೆಯನ್ನೂ ಅವನೇ ತೊಳೆಯಲಿ. ಆದರೆ ಒಲೆ ಹಚ್ಚುವುದು, ಬಿಸಿ ಪಾತ್ರೆ ಇಳಿಸುವುದು ದೊಡ್ಡವರ ಕೆಲಸ. ಕಾಫಿ ಕುಯ್ಲಿನ ದಿನಗಳಲ್ಲಿ ಮನೆಯಲ್ಲಿ ಮಕ್ಕಳಷ್ಟೇ ಇರುವಾಗ ಇದನ್ನು ಮಾಡಿಸಲೇಬೇಡಿ, ಭಾನುವಾರ ಸಾಕು.

ಇನ್ನೊಂದು ಮಾತು. ಸಂಘದಿಂದ ಕೇಕು ಮಾರುವ ಯೋಚನೆ ಇದ್ದವರು ಮಗುವನ್ನು ಆಳು ಮಾಡಬಾರದು. 2016ರ ತಿದ್ದುಪಡಿಯಂತೆ 14 ವರ್ಷದೊಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಅಪಾಯವಿಲ್ಲದ ಮನೆಯ ಉದ್ಯಮಕ್ಕೆ ಶಾಲೆ ಮುಗಿದ ಮೇಲೆ ಅಥವಾ ರಜೆಯಲ್ಲಿ ಕೈಜೋಡಿಸಬಹುದು, ಅಷ್ಟೇ. ಊಟ, ಬಟ್ಟೆ ಕೊಡುತ್ತೇವೆ, ಹುಡುಗನನ್ನು ಪೇಟೆಯ ಬೇಕರಿಗೆ ಕಳಿಸಿ ಎಂದು ಯಾರಾದರೂ ಮನೆಗೆ ಬಂದರೆ ಸಂಘದಲ್ಲಿ ತಿಳಿಸಿ, ಮಕ್ಕಳ ಸಹಾಯವಾಣಿ 1098ಕ್ಕೂ ಫೋನ್ ಮಾಡಿ.

ಖರ್ಚನ್ನು ಮಗುವಿನ ಕೈಯಲ್ಲೇ ಬರೆಸಿ, ಸಂಘದ ಜಮಾ-ಖರ್ಚು ಬರೆದ ಹಾಗೆ. ಕೇಕನ್ನು ಹನ್ನೆರಡು ತುಂಡು ಮಾಡಿ, ಒಂದು ತುಂಡಿಗೆ ಎಷ್ಟು ಬಿತ್ತು ಅಂತ ಭಾಗಿಸಲಿ. ಉಳಿದದ್ದು ಮಾರನೇ ದಿನದ ಟಿಫಿನ್ ಡಬ್ಬಿಗೆ. ಮಳೆಗಾಲದಲ್ಲಿ ಹೆಚ್ಚು ದಿನ ಇಡಬೇಡಿ, ಬೂಷ್ಟು ಹಿಡಿಯುತ್ತದೆ.