ಗರ್ಭಕೋಶದ ಆಪರೇಷನ್: ಯಾವ ದಾರಿ, ಯಾರ ಆಯ್ಕೆ?

ಬೇಗೂರು ರಸ್ತೆ, ಬೊಮ್ಮನಹಳ್ಳಿ ಕಡೆಯ ಗಾರ್ಮೆಂಟ್ಸ್‌ಗಳಲ್ಲಿ ದುಡಿಯುವ ನಲವತ್ತರ ಆಸುಪಾಸಿನ ಹೆಂಗಸಿಗೆ ಮುಟ್ಟು ಹತ್ತು ದಿನವಾದರೂ ನಿಲ್ಲದೆ, ಸ್ಕ್ಯಾನಿಂಗ್‌ನಲ್ಲಿ ಗಡ್ಡೆ ಕಂಡರೆ, ಅಕ್ಕಪಕ್ಕದವರೂ ನೆಂಟರೂ ಕೊಡುವ ಸಲಹೆ ಸಾಮಾನ್ಯವಾಗಿ ಒಂದೇ: ‘ತೆಗೆಸಿಬಿಡು’. ಹೇಗೆ ತೆಗೆಯುತ್ತಾರೆ ಎಂದು ಕೇಳುವವರು ಕಡಿಮೆ. ಆಮೇಲಿನ ಒಂದೆರಡು ತಿಂಗಳು ಹೇಗೆ ಕಳೆಯುತ್ತದೆ ಎನ್ನುವುದು ಮಾತ್ರ ಬಹುಮಟ್ಟಿಗೆ ಆ ಪ್ರಶ್ನೆಯ ಮೇಲೆಯೇ ನಿಂತಿದೆ.

ದಾರಿಗಳು ಮುಖ್ಯವಾಗಿ ಮೂರು. ಹೊಟ್ಟೆ ಕೊಯ್ದು ತೆಗೆಯುವುದು ಒಂದು. ಯೋನಿಮಾರ್ಗದಿಂದ, ಅಂದರೆ ನಮ್ಮವರು ಹೇಳುವಂತೆ ‘ಕೆಳಗಿನಿಂದ’ ತೆಗೆಯುವುದು ಇನ್ನೊಂದು. ಮೂರನೆಯದು ಲ್ಯಾಪ್ರೊಸ್ಕೋಪಿ: ಹೊಟ್ಟೆಯಲ್ಲಿ ಮೂರು ನಾಲ್ಕು ಸಣ್ಣ ತೂತು ಮಾಡಿ, ಇಂಗಾಲದ ಡೈಆಕ್ಸೈಡ್ ತುಂಬಿ ಹೊಟ್ಟೆ ಉಬ್ಬಿಸಿ, ಕ್ಯಾಮೆರಾದಲ್ಲಿ ನೋಡುತ್ತಾ ಬಿಡಿಸುತ್ತಾರೆ. ರೋಬೊ ಆಪರೇಷನ್ ಇದರದೇ ದುಬಾರಿ ರೂಪ. ಕ್ಯಾನ್ಸರ್ ಅಲ್ಲದ ಕಾಯಿಲೆಗೆ ಅದು ಮಾಮೂಲಿ ಲ್ಯಾಪ್ರೊಸ್ಕೋಪಿಗಿಂತ ಮೇಲು ಎಂದು ಸಾಬೀತಾಗಿಲ್ಲ.

ಹೊಟ್ಟೆ ಕೊಯ್ದರೆ ಪೂರ್ತಿ ಸುಧಾರಿಸಿಕೊಳ್ಳಲು ಆರು ವಾರ ಬೇಕಾಗುತ್ತದೆ. ಉಳಿದೆರಡರಲ್ಲಿ ನೋವು ಕಡಿಮೆ, ಮನೆಗೆ ಬರುವುದೂ ಬೇಗ. ಇಸ್ತ್ರಿ ವಿಭಾಗದಲ್ಲಿ ದಿನವಿಡೀ ನಿಲ್ಲುವವಳಿಗೆ, ಟ್ಯಾಂಕರ್ ನೀರು ಬಂದಾಗ ಬಿಂದಿಗೆ ಎತ್ತಲೇಬೇಕಾದವಳಿಗೆ ಈ ವಾರಗಳ ಅಂತರ ಗಾಯದ ಗುರುತಿಗಿಂತ ದೊಡ್ಡದು. ಇಎಸ್‌ಐ ಇದ್ದರೆ ಕಾಯಿಲೆ ರಜೆಗೆ ಕೂಲಿಯ ಶೇ. 70ರಷ್ಟು, ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ. ಮನೆಗೆಲಸದವರಿಗೆ ಅದೂ ಇಲ್ಲ. ಹಾಗಾಗಿ ‘ನಾನು ಯಾವಾಗ ಕೆಲಸಕ್ಕೆ ಹೋಗಬಹುದು?’ ಎಂಬ ಪ್ರಶ್ನೆಯನ್ನು ಡಾಕ್ಟರ್ ಮುಂದೆ ಸಂಕೋಚವಿಲ್ಲದೆ ಇಡಬೇಕು. ಅದೂ ಚಿಕಿತ್ಸೆಯ ಮಾತೇ.

ಇಲ್ಲಿ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ‘ಕೆಳಗಿನ’ ದಾರಿಗೆ ಸಿಗಬೇಕಾದ ಬೆಲೆ ಸಿಗುತ್ತಿಲ್ಲ. ಹೊಟ್ಟೆಯ ಮೇಲೆ ಗಾಯವಿಲ್ಲ, ದುಬಾರಿ ಯಂತ್ರ ಬೇಡ. ಕ್ಯಾನ್ಸರ್ ಅಲ್ಲದ ತೊಂದರೆಗೆ, ಸಾಧ್ಯವಿದ್ದಲ್ಲೆಲ್ಲ ಇದೇ ಮೊದಲ ಆಯ್ಕೆಯಾಗಬೇಕೆಂದು ಅಮೆರಿಕದ ಸ್ತ್ರೀರೋಗ ತಜ್ಞರ ಸಂಘ 2017ರಲ್ಲೂ ಹೇಳಿದೆ. ಗರ್ಭಕೋಶ ಜಾರದೇ ಇದ್ದರೂ ಹೀಗೆ ತೆಗೆಯಬಹುದು. ಕೈ ಪಳಗಿರಬೇಕು, ಅಷ್ಟೇ. ಪಳಗಿದವರು ಕಡಿಮೆಯಾಗುತ್ತಿದ್ದಾರೆ ಎಂಬುದು ಬೇಸರದ ಸಂಗತಿ. ಹೊಟ್ಟೆ ಕೊಯ್ಯುವುದಕ್ಕೆ ಹೋಲಿಸಿದರೆ ಲ್ಯಾಪ್ರೊಸ್ಕೋಪಿಯಲ್ಲಿ ಗಾಯ ಕೀವಾಗುವುದು ಕಡಿಮೆ, ಆದರೆ ಮೂತ್ರನಾಳ, ಮೂತ್ರಕೋಶಕ್ಕೆ ಪೆಟ್ಟಾಗುವ ಸಂಭವ ತುಸು ಹೆಚ್ಚು. ಗಡ್ಡೆ ತುಂಬಾ ದೊಡ್ಡದಿದ್ದರೆ, ಹಿಂದಿನ ಸಿಸೇರಿಯನ್‌ಗಳಿಂದ ಒಳಗೆಲ್ಲ ಅಂಟಿಕೊಂಡಿದ್ದರೆ ಹೊಟ್ಟೆ ಕೊಯ್ಯುವುದೇ ಕ್ಷೇಮವಾಗಬಹುದು.

ಆಯ್ಕೆಗೆ ಒಂದು ಗಡಿಯೂ ಇದೆ. ಗರ್ಭಕೋಶದ ಕಂಠದ ಕ್ಯಾನ್ಸರ್ ಮೊದಲ ಹಂತದಲ್ಲಿದ್ದವರನ್ನು ಹೋಲಿಸಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ನಾಲ್ಕೂವರೆ ವರ್ಷದ ಹೊತ್ತಿಗೆ ಕಾಯಿಲೆ ಮರುಕಳಿಸದೆ ಉಳಿದವರು ಹೊಟ್ಟೆ ಕೊಯ್ದವರಲ್ಲಿ ಶೇ. 96.5, ತೂತಿನ ಆಪರೇಷನ್‌ನವರಲ್ಲಿ ಶೇ. 86. ಸಣ್ಣ ಗಾಯವೇ ಯಾವಾಗಲೂ ಒಳ್ಳೆಯದು ಎಂಬ ನಂಬಿಕೆ ಅಲ್ಲಿ ಮುರಿಯಿತು. ಕ್ಯಾನ್ಸರ್ ಇಲ್ಲವೆಂದು ಪ್ಯಾಪ್ ಪರೀಕ್ಷೆ, ಬಯಾಪ್ಸಿಗಳಿಂದ ಖಚಿತಪಡಿಸಿಕೊಂಡೇ ದಾರಿ ಆರಿಸಬೇಕೆನ್ನುವುದು ಇದಕ್ಕೇ.

ಇನ್ನು, ತೆಗೆಸಲೇಬೇಕೇ ಎಂಬುದು ಎಲ್ಲಕ್ಕಿಂತ ಮೊದಲಿನ ಪ್ರಶ್ನೆ. ಕಲಬುರಗಿಯ ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳು, ಅವರಲ್ಲಿ ನಲವತ್ತು ದಾಟದವರೇ ಎಷ್ಟೋ ಮಂದಿ, ಬೆನ್ನುನೋವು, ಬಿಳಿ ಸೆರಗಿಗೆಲ್ಲ ಗರ್ಭಕೋಶ ಕಳೆದುಕೊಂಡ ಸಂಗತಿ 2015ರಲ್ಲಿ ರಾಜ್ಯವನ್ನೇ ಕಲಕಿತು. ಅನಗತ್ಯ ಆಪರೇಷನ್ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳಲ್ಲಿ ಜಾರಿಗೆ ತನ್ನಿ ಎಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ರಾಜ್ಯಗಳಿಗೆ ಆದೇಶಿಸಿತು. ಅತಿಸ್ರಾವಕ್ಕೆ ಮಾತ್ರೆ ಇದೆ, ಕಾಪರ್-ಟಿಯಂತೆ ಒಳಗಿಡುವ ಹಾರ್ಮೋನ್ ಸಾಧನವಿದೆ, ಗಡ್ಡೆಯನ್ನಷ್ಟೇ ತೆಗೆಯುವುದೂ ಇದೆ.

ಇದನ್ನೆಲ್ಲ ದಾಟಿ ಆಪರೇಷನ್ನೇ ಬೇಕೆಂದಾದರೆ ಹೀಗೆ ಕೇಳಿ: ‘ಮೇಡಂ, ನನಗೆ ಕೆಳಗಿನಿಂದ ತೆಗೆಯೋಕೆ ಆಗಲ್ವಾ? ಯಾಕೆ ಆಗಲ್ಲ? ಅಂಡಾಶಯ ಉಳಿಸ್ತೀರಾ? ಮಧ್ಯದಲ್ಲಿ ಹೊಟ್ಟೆ ಕೊಯ್ಯಬೇಕಾಗಿ ಬಂದರೆ?’ ಉತ್ತರ ಅರ್ಥವಾಗುವವರೆಗೆ ಸಹಿ ಹಾಕಬೇಡಿ. ಪರೀಕ್ಷೆಗೆಂದು ಪಡೆದ ಒಪ್ಪಿಗೆಯಲ್ಲಿ ಗರ್ಭಕೋಶ ತೆಗೆಯುವಂತಿಲ್ಲ, ಜೀವಾಪಾಯದ ತುರ್ತಿಲ್ಲದಾಗ ವಯಸ್ಕ ಹೆಂಗಸಿನ ಪರವಾಗಿ ಹೆತ್ತ ತಾಯಿ ಹಾಕಿದ ಸಹಿಯೂ ನಡೆಯುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2008ರಲ್ಲೇ ತೀರ್ಪು ಕೊಟ್ಟಿದೆ.