ಗಣಕಯಂತ್ರ ಮೇಲೇಳದಿದ್ದಾಗ ದೋಷವೆಲ್ಲಿ?

ಗಣಕಯಂತ್ರದ ಗುಂಡಿಯನ್ನು ಒತ್ತಿದೊಡನೆ ಅದು ಕೆಲಸಕ್ಕೆ ಸಿದ್ಧವಾಗುವುದೆಂದು ನಾವು ಭಾವಿಸುತ್ತೇವೆ. ವಾಸ್ತವವಾಗಿ ಆ ಕೆಲವು ಕ್ಷಣಗಳಲ್ಲಿ ಹಲವು ಕಾರ್ಯಗಳು ಒಂದರ ಹಿಂದೊಂದು ನಡೆಯಬೇಕು. ಯಂತ್ರದ ಸ್ಮೃತಿ, ಡಿಸ್ಕು, ಕೀಲಿಮಣೆ ಮೊದಲಾದ ಸಕಲ ಅಂಗಗಳನ್ನೂ ಆಳುವ ಮೂಲ ಕ್ರಮವಿಧಿಗೆ ಕರ್ನಲ್ ಎಂದು ಹೆಸರು. ಪರೀಕ್ಷೆಗೆಂದು ಹೊಸ ಕರ್ನಲನ್ನು ಹಾಕಿದಾಗ ಯಂತ್ರವು ನಡುವೆಯೇ ನಿಂತು, ‘ಡಿಸ್ಕು ಸಿಗಲಿಲ್ಲ’ ಎಂಬರ್ಥದ ಸಂದೇಶವನ್ನು ತೋರಿಸಿತೆನ್ನೋಣ. ದೋಷ ಕರ್ನಲಿನದೋ, ಡಿಸ್ಕಿನದೋ? ಉತ್ತರ ತಪ್ಪಿದರೆ ಒಳ್ಳೆಯ ಡಿಸ್ಕನ್ನು ಎಸೆದುಬಿಡಬಹುದು. ಇಲ್ಲವೆ ಕೆಡುತ್ತಿರುವ ಡಿಸ್ಕನ್ನು ನಂಬಿ ಹಲವು ವರ್ಷಗಳ ಬರಹವನ್ನು ಕಳೆದುಕೊಳ್ಳಬಹುದು.

ಯಂತ್ರ ಮೇಲೇಳುವುದರಲ್ಲಿ ಒಂದು ವಿಚಿತ್ರವಾದ ತೊಡಕುಂಟು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಆರಂಭವಾದ ವಿದ್ಯುದಾಗಾರವನ್ನು ವಾಚಕರಲ್ಲಿ ಅನೇಕರು ಬಲ್ಲರು. ದೊಡ್ಡ ಜನಕಯಂತ್ರ ವಿದ್ಯುತ್ತನ್ನು ಹುಟ್ಟಿಸಬೇಕಾದರೆ ಅದಕ್ಕೆ ಕಾಂತಕ್ಷೇತ್ರ ಬೇಕು. ಆ ಕ್ಷೇತ್ರಕ್ಕೆ ಮತ್ತೆ ವಿದ್ಯುತ್ತೇ ಬೇಕು. ಸಣ್ಣ ಡೈನಮೊ ಒಂದು ತನ್ನ ಕಬ್ಬಿಣದಲ್ಲಿ ಉಳಿದಿರುವ ಅಲ್ಪ ಕಾಂತತ್ವದಿಂದ ಮೊದಲು ತಾನು ಎದ್ದು, ಬಳಿಕ ದೊಡ್ಡದನ್ನು ಎಬ್ಬಿಸುವುದು ಈ ತೊಡಕಿಗೆ ಒಂದು ಪರಿಹಾರ. ಗಣಕಯಂತ್ರದಲ್ಲಿಯೂ ಹಾಗೆಯೇ. ಡಿಸ್ಕನ್ನು ಓದಲು ಕರ್ನಲಿಗೆ ಡ್ರೈವರ್ ಬೇಕು. ಆದರೆ ಡ್ರೈವರ್ ಇರುವುದು ಡಿಸ್ಕಿನ ಮೇಲೆ! ಆದುದರಿಂದ ಅತ್ಯಾವಶ್ಯಕವಾದ ಡ್ರೈವರುಗಳನ್ನು ಒಂದು ಸಣ್ಣ ಗಂಟಿನಲ್ಲಿ ಕಟ್ಟಿ, ಕರ್ನಲಿನ ಜೊತೆಯಲ್ಲಿಯೇ ಸ್ಮೃತಿಗೆ ತುಂಬುವ ಪದ್ಧತಿಯಿದೆ. ಹೊಸ ಕರ್ನಲಿಗಾಗಿ ಈ ಗಂಟನ್ನು ಕಟ್ಟುವಾಗ ಡ್ರೈವರ್ ಬಿಟ್ಟುಹೋದರೆ, ಡಿಸ್ಕು ಆರೋಗ್ಯವಾಗಿದ್ದರೂ ಕರ್ನಲಿನ ಕಣ್ಣಿಗೆ ಅದು ಇಲ್ಲವೇ ಇಲ್ಲ.

ದೋಷದ ಸ್ಥಾನವನ್ನು ಹುಡುಕುವುದು ಹೇಗೆ? ಬೆಂಗಳೂರಿನಿಂದ ಹೊರಟ ರೈಲು ಮಂಡ್ಯಕ್ಕೆ ಬರಲಿಲ್ಲವೆಂದು ಭಾವಿಸಿ. ಮದ್ದೂರನ್ನು ದಾಟಿತೇ ಎಂದು ಮೊದಲು ವಿಚಾರಿಸಬೇಕು. ದಾಟಿದ್ದರೆ ತೊಂದರೆ ಮದ್ದೂರು–ಮಂಡ್ಯಗಳ ನಡುವೆ. ಇಲ್ಲದಿದ್ದರೆ ಅದಕ್ಕೂ ಹಿಂದೆ. ಯಂತ್ರದ ಹಾದಿಯಲ್ಲಿಯೂ ಇಂತಹ ನಿಲ್ದಾಣಗಳುಂಟು: ಮೊದಲು ಚಿಪ್ಪಿನಲ್ಲಿ ಅಡಗಿರುವ ಫರ್ಮ್‌ವೇರ್, ಬಳಿಕ ಬೂಟ್‌ಲೋಡರ್, ಅನಂತರ ಕರ್ನಲ್, ಅದರ ಡ್ರೈವರುಗಳ ಗಂಟು, ಮೂಲ ಕಡತವ್ಯವಸ್ಥೆ, ಕೊನೆಗೆ ಮೊದಲನೆಯ ಬಳಕೆಯ ಕ್ರಮವಿಧಿ. ಕರ್ನಲ್ ತನ್ನ ಹೆಜ್ಜೆಗಳನ್ನು ಸಾಲುಸಾಲಾಗಿ ಬರೆಯುತ್ತ ಹೋಗುತ್ತದೆ. ಕೊನೆಯ ಸಾಲು ದೋಷವನ್ನೇ ತೋರಿಸಬೇಕೆಂದಿಲ್ಲ. ರೈಲು ಯಾವ ನಿಲ್ದಾಣವನ್ನು ದಾಟಿತೆಂಬುದನ್ನು ಮಾತ್ರ ಅದು ನಿಶ್ಚಯವಾಗಿ ಹೇಳಬಲ್ಲದು.

ಮುಂದಿನ ಪ್ರಯೋಗ ಸರಳವಾದುದು. ಹಳೆಯ ಕರ್ನಲಿನಿಂದ ಯಂತ್ರವನ್ನು ಎಬ್ಬಿಸಿ ನೋಡಬೇಕು. ಅದು ಸರಾಗವಾಗಿ ಎದ್ದರೆ ಹೊಸ ಕರ್ನಲಿನ ಮೇಲೋ ಅದರ ಗಂಟಿನ ಮೇಲೋ ಸಂಶಯ ಬಲವಾಗುತ್ತದೆ. ಹಳೆಯದರಲ್ಲಿಯೂ ಡಿಸ್ಕಿನ ಅದೇ ಅಂಕೆಯ ಭಾಗವನ್ನು ಓದಲಾಗದಿದ್ದರೆ ಡಿಸ್ಕಿನ ಮೇಲೆಯೇ ಸಂಶಯ. ಡಿಸ್ಕು ತನ್ನಲ್ಲಿ ಕೆಟ್ಟ ಭಾಗಗಳೆಷ್ಟೆಂಬ ಲೆಕ್ಕವನ್ನು ತಾನೇ ಇಟ್ಟಿರುತ್ತದೆ, ಅದನ್ನೂ ಓದಬಹುದು. ಕೇಬಲ್ ಸಡಿಲವಾಗಿದ್ದರೂ ಸ್ಮೃತಿ ಕೆಟ್ಟಿದ್ದರೂ ಇವೇ ಲಕ್ಷಣಗಳು ತೋರಬಹುದಾದ್ದರಿಂದ, ಒಂದು ಬಾರಿಗೆ ಒಂದನ್ನು ಮಾತ್ರ ಬದಲಾಯಿಸುವುದು ಉಚಿತ.

ಇದು ಎಷ್ಟು ಸೂಕ್ಷ್ಮವಾದ ವಿಷಯವೆಂಬುದನ್ನು 2018ರ ಒಂದು ಪ್ರಸಂಗ ತೋರಿಸುತ್ತದೆ. ಆ ವರ್ಷದ ಅಕ್ಟೋಬರಿನಲ್ಲಿ ಲಿನಕ್ಸ್ ಕರ್ನಲಿನ 4.19ನೆಯ ಆವೃತ್ತಿ ಹೊರಬಂದಿತು. ಇದು ಪರೀಕ್ಷೆಗಳನ್ನು ದಾಟಿ ಬಂದ ಆವೃತ್ತಿ. ಆದರೂ ಕೆಲವರ ಯಂತ್ರಗಳಲ್ಲಿ ಕಡತಗಳು ಕೆಡತೊಡಗಿದವು. ದೂರಿದವರು ಎಕ್ಸ್‌ಟಿ-4 ಎಂಬ ಕಡತವ್ಯವಸ್ಥೆಯತ್ತ ಬೆರಳು ತೋರಿಸಿದರು. ಅಪರಾಧಿ ಅದಾಗಿರಲಿಲ್ಲ, ಕಡತವ್ಯವಸ್ಥೆಗೂ ಡಿಸ್ಕಿನ ಡ್ರೈವರಿಗೂ ನಡುವೆ ಇರುವ ಪದರವಾಗಿತ್ತು.

ಅಲ್ಲಿ ನಡೆದುದನ್ನು ಮಂಡ್ಯದ ಕಬ್ಬಿನ ಗಾಡಿಯಿಂದ ತಿಳಿಯಬಹುದು. ಗಾಡಿಯೊಂದು ಕಾರ್ಖಾನೆಯ ಬಾಗಿಲಿಗೆ ಬಂದಿತು. ಅದರ ಹೊರೆಗೆ ಚೀಟಿಯೂ ಸಿದ್ಧವಾಯಿತು. ಅಷ್ಟರಲ್ಲಿ ಒಳಗೆ ಜಾಗವಿಲ್ಲವೆಂದು ಅದನ್ನು ಸಾಲಿಗೆ ಹಿಂದಿರುಗಿಸಿದರು. ಸಾಲಿನಲ್ಲಿ ನಿಂತಾಗ ಮತ್ತಷ್ಟು ಕಬ್ಬನ್ನು ಅದಕ್ಕೆ ಹೇರಿದರು, ಚೀಟಿಯನ್ನು ಮಾತ್ರ ತಿದ್ದಲಿಲ್ಲ. ಕೊನೆಗೆ ಚೀಟಿಯಲ್ಲಿದ್ದಷ್ಟೇ ಇಳಿಯಿತು; ಎಲ್ಲವೂ ಇಳಿಯಿತೆಂದು ಲೆಕ್ಕ ಬರೆದುಕೊಂಡರು. ಡಿಸ್ಕಿಗೆ ಹೋದ ಬೇಡಿಕೆಗೂ ಹೀಗೆಯೇ ಆಯಿತು. ‘ಈಗ ಬಿಡುವಿಲ್ಲ’ ಎಂಬ ಉತ್ತರ ಬಂದ ಮೇಲೆ ಅದಕ್ಕೆ ಬೇರೊಂದು ಬೇಡಿಕೆ ಸೇರಿಕೊಂಡಿತು, ಆದರೆ ಹಳೆಯ ಪಟ್ಟಿಯೇ ಬಳಕೆಯಾಯಿತು. ಪರಿಣಾಮವಾಗಿ ಓದಬೇಕಾದುದರಲ್ಲಿ, ಬರೆಯಬೇಕಾದುದರಲ್ಲಿ ಒಂದಂಶ ಬಿಟ್ಟುಹೋಯಿತು. ಕಾರಣ ತಿಳಿದ ಬಳಿಕ, 2018ರ ಡಿಸೆಂಬರಿನಲ್ಲಿ ಪರಿಹಾರ ಹೊರಬಂದಿತು.

ಈ ದೋಷ ಬೇಗನೆ ಸಿಕ್ಕಲಿಲ್ಲವೇಕೆ? ಎರಡು ಆವೃತ್ತಿಗಳ ನಡುವೆ 14,000 ಬದಲಾವಣೆಗಳಿದ್ದರೂ, ಮಧ್ಯದ ಒಂದನ್ನು ಪರೀಕ್ಷಿಸಿ ಅರ್ಧವನ್ನು ತಳ್ಳಿಹಾಕುತ್ತ ಹೋದರೆ 14 ಪರೀಕ್ಷೆಗಳಲ್ಲಿ ತಪ್ಪಿನ ಮೂಲವನ್ನು ಮುಟ್ಟಬಹುದು. ಏಕೆಂದರೆ 14 ಬಾರಿ ಇಮ್ಮಡಿಸಿದ ಒಂದು 16,384 ಆಗುತ್ತದೆ. ಆದರೆ ಪ್ರತಿಯೊಂದು ಪರೀಕ್ಷೆಯ ತೀರ್ಪೂ ಸರಿಯಾಗಿರಬೇಕು. ಆಗೊಮ್ಮೆ ಈಗೊಮ್ಮೆ ತಲೆದೋರುವ ದೋಷದಲ್ಲಿ ಇದೇ ಕಷ್ಟ. ಒಂದು ಗಂಟೆಯಲ್ಲಿ ದೋಷ ಕಾಣಿಸಿಕೊಳ್ಳುವ ಸಂಭವ ಅರ್ಧವೆಂದು ಊಹಿಸೋಣ. ಒಂದು ಗಂಟೆ ಏನೂ ಆಗಲಿಲ್ಲವೆಂದು ನೆಮ್ಮದಿಪಟ್ಟರೆ, ಕೆಟ್ಟ ಕರ್ನಲನ್ನು ಒಳ್ಳೆಯದೆಂದು ಭ್ರಮಿಸುವ ಸಂಭವವೂ ಅರ್ಧವೇ. ಐದು ಗಂಟೆ ಕಾದರೆ ಅದು 32ರಲ್ಲಿ 1ಕ್ಕೆ ಇಳಿಯುತ್ತದೆ. ನಡುವಿನಲ್ಲಿ ಒಂದು ತೀರ್ಪು ತಪ್ಪಿದರೂ ಅಲ್ಲಿಂದ ಮುಂದಿನ ಹುಡುಕಾಟವೆಲ್ಲ ತಪ್ಪು ದಾರಿಯಲ್ಲಿ ಸಾಗುತ್ತದೆ. ಪ್ರಯೋಗಶಾಲೆಯಲ್ಲಿ ಲೋಲಕದ ಒಂದೇ ಆಂದೋಲನವನ್ನು ಅಳೆದು ತೃಪ್ತಿಪಡದೆ, ಇಪ್ಪತ್ತನ್ನು ಎಣಿಸುವ ವಿದ್ಯಾರ್ಥಿಗಳಿಗೆ ಈ ತಾಳ್ಮೆಯ ಬೆಲೆ ಗೊತ್ತು.

ಪರೀಕ್ಷಾರ್ಥ ಕರ್ನಲಿನ ಮೇಲೆ ಆಸಕ್ತಿಯುಳ್ಳವರು ಮೊದಲು ತಮ್ಮ ಕಡತಗಳ ಪ್ರತಿಯನ್ನು ಬೇರೊಂದು ಡಿಸ್ಕಿಗೆ ಮಾಡಿಟ್ಟುಕೊಳ್ಳಲಿ. ಆ ಡಿಸ್ಕನ್ನು ಯಂತ್ರದಿಂದ ಬೇರ್ಪಡಿಸಿಡಲಿ. ಹಳೆಯ ಕರ್ನಲನ್ನು ಅಳಿಸದಿರಲಿ. ಸಾಧ್ಯವಾದರೆ ಫ್ಯಾಬ್ರಿಸ್ ಬೆಲ್ಲಾರ್ಡ್ ಅವರು 2003ರಲ್ಲಿ ಹೊರತಂದ ಕ್ಯೂಎಮು ಎಂಬ ಕ್ರಮವಿಧಿಯೊಳಗೆ ಪ್ರಯೋಗ ನಡೆಸಲಿ. ಅಲ್ಲಿನ ‘ಡಿಸ್ಕು’ ಕೇವಲ ಒಂದು ಕಡತ, ಕೆಟ್ಟರೆ ಅಳಿಸಿ ಹೊಸದನ್ನಿಡಬಹುದು. ಡಿಸ್ಕೇ ಕೆಡುತ್ತಿದೆಯೆಂಬ ಸಂಶಯ ಬಂದಾಗಲಂತೂ ದುರಸ್ತಿಗೆ ಕೈಹಾಕುವ ಮೊದಲು, ಅದರ ಮೇಲೆ ಏನನ್ನೂ ಬರೆಯದೆ, ಓದಲು ಸಾಧ್ಯವಾದಷ್ಟನ್ನು ನಕಲು ಮಾಡಿಕೊಳ್ಳಬೇಕು. ಕರ್ನಲಿನ ತಪ್ಪನ್ನು ಮುಂದೊಂದು ದಿನ ಯಾರಾದರೂ ತಿದ್ದಬಲ್ಲರು. ಎರಡನೆಯ ಪ್ರತಿಯಿಲ್ಲದ ಬರಹ ಅಳಿದುಹೋದರೆ ಅದನ್ನು ಯಾರೂ ತಂದುಕೊಡಲಾರರು.