ಹಲ್ಲು ಹೋದ ಜಾಗ ಖಾಲಿ ಬಿಡಬೇಡಿ, ಹಾಗೆಂದು ಸಂತೆಯಲ್ಲಿ ಕಟ್ಟಿಸಬೇಡಿ

ಪೆನುಕೊಂಡ: ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆ ಕಡಲೆಕಾಯಿ ಬೆಳೆಯುವ ಈ ಸೀಮೆಗೆ ಚೆನ್ನಾಗಿ ಒಪ್ಪುತ್ತದೆ. ಪೆನುಕೊಂಡ, ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗದ ಹಳ್ಳಿಗಳಲ್ಲಿ ನಡುವಯಸ್ಸು ದಾಟಿದವರ ಬಾಯಲ್ಲಿ ಒಂದೆರಡು ದವಡೆ ಹಲ್ಲು ಇಲ್ಲದಿರುವುದು ಅಪರೂಪವಲ್ಲ. ಮುದ್ದೆಯನ್ನು ಹೇಗಿದ್ದರೂ ನುಂಗುವುದೇ ತಾನೆ, ಅದಕ್ಕೆ ಹಲ್ಲೇಕೆ ಎಂದು ಸುಮ್ಮನಿರುವವರೇ ಹೆಚ್ಚು. ಹೀಗೆ ಸುಮ್ಮನಿದ್ದರೆ ಉಳಿದ ಹಲ್ಲುಗಳಿಗೂ ಕುತ್ತು.

ಖಾಲಿ ಜಾಗದಿಂದ ಏನಾಗುತ್ತದೆ?

ಒಂದು ಹಲ್ಲು ಹೋದರೆ ಅಕ್ಕಪಕ್ಕದ ಹಲ್ಲುಗಳು ನಿಧಾನವಾಗಿ ಆ ಸಂದಿಯ ಕಡೆಗೆ ವಾಲುತ್ತವೆ. ಎದುರು ದವಡೆಯ ಹಲ್ಲು ತಡೆಯಿಲ್ಲದೆ ಉದ್ದಕ್ಕೆ ಇಳಿಯುತ್ತದೆ. ಓರೆಯಾದ ಹಲ್ಲುಗಳ ನಡುವೆ ಅನ್ನದ ಅಗುಳು ಸಿಕ್ಕಿ ಹುಳುಕು ಹಿಡಿಯುತ್ತದೆ, ವಸಡು ಊದುತ್ತದೆ. ಆ ಬದಿಯಲ್ಲಿ ಅಗಿಯುವುದನ್ನೇ ಬಿಟ್ಟರೆ ಇನ್ನೊಂದು ಬದಿಯ ಹಲ್ಲುಗಳ ಮೇಲೆ ಭಾರ ಬೀಳುತ್ತದೆ.

ಇದಕ್ಕೆ ಕಡಿಮೆ ಖರ್ಚಿನ ಪರಿಹಾರವೆಂದರೆ ತೆಗೆದು ಹಾಕುವ ಹಲ್ಲಿನ ಸೆಟ್. ತೆಲುಗಿನಲ್ಲಿ ಕಟ್ಟುಡು ಪಳ್ಳು ಎಂದರೂ, ಕನ್ನಡದಲ್ಲಿ ಕಟ್ಟಿಸಿದ ಹಲ್ಲು ಎಂದರೂ ಒಂದೇ. ಬಾಯಲ್ಲಿ ಕೆಲವು ಸ್ವಂತ ಹಲ್ಲು ಉಳಿದಿರುವವರಿಗೆ ಕೊಡುವುದು ಭಾಗಶಃ ಸೆಟ್. ವಸಡಿನ ಬಣ್ಣದ ತಳದ ಮೇಲೆ ಕೃತಕ ಹಲ್ಲು ಕೂರಿಸಿ, ಪಕ್ಕದ ಗಟ್ಟಿ ಹಲ್ಲುಗಳನ್ನು ಹಿಡಿಯಲು ಕೊಕ್ಕೆ ಕೊಟ್ಟಿರುತ್ತಾರೆ. ಅಕ್ರಿಲಿಕ್ ತಳದ್ದು ಅಗ್ಗ, ಬೇಗ ಸಿದ್ಧವಾಗುತ್ತದೆ, ಆದರೆ ದಪ್ಪ. ಎರಕದ ಲೋಹದ್ದು ತೆಳು, ಗಟ್ಟಿ, ಬೆಲೆ ಹೆಚ್ಚು. ಬಾಗುವ ನೈಲಾನ್ ಮಾದರಿಯದಕ್ಕೆ ತಂತಿ ಕಾಣುವುದಿಲ್ಲ, ಆದರೆ ಮುರಿದರೆ ಸರಿಪಡಿಸುವುದು ಕಷ್ಟ.

ಅರ್ಧ ಗಂಟೆಯ ಹಲ್ಲು, ವರ್ಷಗಟ್ಟಲೆ ನೋವು

ಸಂತೆಯಲ್ಲೋ ಬಸ್ ನಿಲ್ದಾಣದ ಪಕ್ಕದಲ್ಲೋ ಅರ್ಧ ಗಂಟೆಯಲ್ಲಿ ಹಲ್ಲು ಕಟ್ಟಿಕೊಡುವವರ ಬಗ್ಗೆ ಎಚ್ಚರವಿರಲಿ. ಇಂಥವರು ಹಸಿ ಅಕ್ರಿಲಿಕ್ಕನ್ನು ನೇರವಾಗಿ ಬಾಯೊಳಗೇ ಮೆತ್ತಿ, ಕೃತಕ ಹಲ್ಲನ್ನು ಪಕ್ಕದ ಹಲ್ಲುಗಳಿಗೆ ಅಂಟಿಸಿಬಿಡುತ್ತಾರೆ. ಗಟ್ಟಿಯಾಗುವಾಗ ಅದು ಬಿಸಿಯಾಗಿ ವಸಡು ಸುಡಬಹುದು. ತೆಗೆಯಲು ಬಾರದ ಕಾರಣ ಅಡಿಯಲ್ಲಿ ಕೊಳೆ ಕಟ್ಟುತ್ತದೆ, ವಾಸನೆ, ಕೀವು ಶುರುವಾಗುತ್ತದೆ. ಒಂದು ಹಲ್ಲು ಕಟ್ಟಿಸಲು ಹೋದವರು ಕೊನೆಗೆ ಪಕ್ಕದ ಎರಡು ಒಳ್ಳೆಯ ಹಲ್ಲನ್ನೂ ಕಳೆದುಕೊಳ್ಳಬಹುದು.

ಗುರುತು ಸುಲಭ. ಭಾಗಶಃ ಸೆಟ್ಟನ್ನು ಕೈಯಿಂದ ತೆಗೆದು ತೊಳೆಯಲು ಬರಲೇಬೇಕು. ತೆಗೆಯಲು ಬಾರದ ಹಲ್ಲು ಸರಿಯಾದ ಕ್ರಮದಲ್ಲೂ ಇದೆ. ಅದು ಬ್ರಿಡ್ಜ್. ಅದಕ್ಕೆ ಪಕ್ಕದ ಹಲ್ಲುಗಳನ್ನು ಉಜ್ಜಿ, ಅಳತೆ ತೆಗೆದು, ಲ್ಯಾಬಿನಲ್ಲಿ ಕ್ಯಾಪ್ ಮಾಡಿಸಿ ಕೂರಿಸುತ್ತಾರೆ, ಅರ್ಧ ಗಂಟೆಯಲ್ಲಿ ಮುಗಿಯುವ ಕೆಲಸವಲ್ಲ. ಕ್ಲಿನಿಕ್ಕಿನಲ್ಲಿ ಬಿಡಿಎಸ್ ಪದವಿ ಮತ್ತು ರಾಜ್ಯ ದಂತ ಮಂಡಳಿಯ ನೋಂದಣಿ ಸಂಖ್ಯೆಯ ಬೋರ್ಡ್ ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಕೇಳಲು ಸಂಕೋಚ ಬೇಡ.

ಸರಿಯಾದ ಕ್ರಮ ಹೇಗೆ?

ಹಲ್ಲು ಕೀಳಿಸಿದ ಮೇಲೆ ಗಾಯ ಮಾಗಲು ಸಾಮಾನ್ಯವಾಗಿ ಕೆಲವು ವಾರ ಬೇಕು. ಅಷ್ಟರಲ್ಲಿ ಉಳಿದ ಹಲ್ಲುಗಳ ಹುಳುಕು ತುಂಬಿಸಿ, ಪಾಚಿ ತೆಗೆಸಬೇಕು. ಸಕ್ಕರೆ ಕಾಯಿಲೆ ಇದ್ದರೆ ವೈದ್ಯರಿಗೆ ಮೊದಲೇ ತಿಳಿಸಬೇಕು. ಆಮೇಲೆ ಬಾಯಿಯ ಅಚ್ಚು, ಕಚ್ಚುವ ಅಳತೆ, ಮೇಣದ ಮೇಲೆ ಹಲ್ಲು ಜೋಡಿಸಿ ಪರೀಕ್ಷೆ, ಕೊನೆಗೆ ಸೆಟ್. ಹೀಗೆ ಮೂರ್ನಾಲ್ಕು ಸಲವಾದರೂ ಹೋಗಬೇಕಾಗುತ್ತದೆ.

ಈ ಭಾಗದವರಿಗೆ ಇನ್ನೊಂದು ಮಾತು. ಅನಂತಪುರ ಸೀಮೆಯ, ಪಕ್ಕದ ಪಾವಗಡದ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ಬಾಲ್ಯದಲ್ಲಿ ಕುಡಿದು ಬೆಳೆದವರ ಹಲ್ಲಿನಲ್ಲಿ ಕಂದು ಕಲೆ, ಗುಳಿ ಮೂಡುತ್ತವೆ. ಕಲೆ ಇದೆ ಎಂಬ ಒಂದೇ ಕಾರಣಕ್ಕೆ ಹಲ್ಲು ಕೀಳಿಸಬೇಡಿ. ಬೇರು ಗಟ್ಟಿ ಇದ್ದರೆ ಸೆಟ್ಟಿನ ಕೊಕ್ಕೆಗೆ ಅದೇ ಆಧಾರ.

ಹಾಕಿಸಿಕೊಂಡ ಮೇಲೆ

* ಮೊದಲ ಕೆಲವು ದಿನ ಜೊಲ್ಲು ಹೆಚ್ಚುತ್ತದೆ, ಮಾತು ತೊದಲುತ್ತದೆ. ಮೆತ್ತನೆಯ ಊಟ ಮಾಡಿ, ಎರಡೂ ಬದಿ ಅಗಿಯಿರಿ.
* ಒತ್ತಿ ಹುಣ್ಣಾದರೆ ಮನೆಯಲ್ಲಿ ಬ್ಲೇಡಿನಿಂದ ಕೆರೆಯಬೇಡಿ. ವೈದ್ಯರಲ್ಲಿಗೆ ಹೋಗುವ ದಿನ ಸೆಟ್ ಹಾಕಿಕೊಂಡೇ ಹೋಗಿ, ಒತ್ತುವ ಜಾಗ ಅವರಿಗೆ ಕಾಣುತ್ತದೆ.
* ರಾತ್ರಿ ತೆಗೆದು ತಣ್ಣೀರಿನಲ್ಲಿಡಿ. ವಸಡಿಗೆ ವಿಶ್ರಾಂತಿ ಸಿಗುತ್ತದೆ. ಒಂದೇ ಹಲ್ಲಿನ ಸಣ್ಣ ಸೆಟ್ ನಿದ್ದೆಯಲ್ಲಿ ಗಂಟಲಿಗೆ ಇಳಿಯುವ ಅಪಾಯವೂ ತಪ್ಪುತ್ತದೆ.
* ಕುದಿನೀರು ಬೇಡ, ಆಕಾರ ಕೆಡುತ್ತದೆ. ಮೆದು ಬ್ರಷ್, ಸ್ವಲ್ಪ ಸೋಪು ಸಾಕು. ನೀರು ತುಂಬಿದ ಬೋಗುಣಿಯ ಮೇಲೆ ಹಿಡಿದು ತೊಳೆದರೆ ಜಾರಿ ಬಿದ್ದರೂ ಒಡೆಯದು.

ಎಲ್ಲಿಗೆ ಹೋಗಬೇಕು?

ಖಾಸಗಿ ಖರ್ಚು ಭರಿಸಲಾಗದವರಿಗೆ ಸರ್ಕಾರಿ ದಂತ ಕಾಲೇಜುಗಳಿವೆ. ಒಂದು ಬೆಂಗಳೂರಿನ ಕೋಟೆ ಪ್ರದೇಶದಲ್ಲಿ, ಇನ್ನೊಂದು ಕಡಪದಲ್ಲಿ. ಕರ್ನಾಟಕ ಸರ್ಕಾರ 2014ರಲ್ಲಿ ಆರಂಭಿಸಿದ ದಂತಭಾಗ್ಯ ಯೋಜನೆ ಆ ರಾಜ್ಯದ ಬಿಪಿಎಲ್ ಕುಟುಂಬಗಳಿಗೆ ಮೀಸಲು. ಗಡಿಯ ಈಚೆಗೆ ಆಂಧ್ರದ ರೇಷನ್ ಕಾರ್ಡ್ ಇಟ್ಟುಕೊಂಡು ಅದನ್ನೇ ನಂಬಿ ಬಸ್ ಹತ್ತಿದರೆ ಬರಿಗೈಯಲ್ಲಿ ಬರಬೇಕಾದೀತು. ಹೊರಡುವ ಮುನ್ನ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ.

ಮೂರ್ನಾಲ್ಕು ಸಲ ಓಡಾಡಿದರೆ ಕೂಲಿ ಹೋಗುತ್ತದೆ ನಿಜ. ಆದರೆ ಅರ್ಧ ಗಂಟೆಯ ಹಲ್ಲಿಗೆ ಆಸೆಪಟ್ಟರೆ ಹೋಗುವುದು ಉಳಿದ ಹಲ್ಲು. ಕೂಲಿಯನ್ನು ಮತ್ತೆ ದುಡಿಯಬಹುದು, ಹಲ್ಲು ಮತ್ತೆ ಹುಟ್ಟದು.